ಆಗಮನಕಾಲದ ಓದು

ಕ್ರೈಸ್ತ ಪಂಚಾಂಗದಲ್ಲಿ ಆಗಮನಕಾಲವೆಂಬುದು ಕ್ರಿಸ್ತಜಯಂತಿಗೆ ಹಿಂದಿನ ನಾಲ್ಕನೆಯ ರವಿವಾರದಿಂದ, ಅಂದರೆ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುವ ರವಿವಾರದಿಂದ, ಮೊದಲಾಗುತ್ತದೆ. ನಮ್ಮ ವಿಜಯಪುರ ಸೀಮೆಯ ಒಕ್ಕಲಿಗನ ಲೆಕ್ಕದಲ್ಲಿ ಅದು ಹಿಂಗಾರಿ ಜೋಳ ಹೊಡೆಗೆ ಬರುವ ಹೊತ್ತು. ಬಿತ್ತಿಗೆ ಮುಗಿದು, ಎಡೆ ಹೊಡೆದದ್ದೂ ಆಗಿ, ಮಳೆಯ ಆಸೆಯೂ ತೀರಿದ ಮೇಲೆ, ಎರೆಮಣ್ಣು ತನ್ನೊಡಲಲ್ಲಿ ಹಿಡಿದಿಟ್ಟುಕೊಂಡ ತೇವವನ್ನೂ ಬೆಳಗಿನ ಇಬ್ಬನಿಯನ್ನೂ ನಂಬಿ ಕೂಡ್ರುವುದಲ್ಲದೆ ಮನುಷ್ಯಪ್ರಯತ್ನಕ್ಕೆ ಅಲ್ಲಿ ಹೆಚ್ಚಿನ ಅವಕಾಶವಿಲ್ಲ. ಡೋಣಿ ಹರಿದರೆ ಓಣೆಲ್ಲ ಜೋಳವೆಂಬ ಗಾದೆಯನ್ನು ಕೇಳುತ್ತ, ಆ ಹೊಳೆ ಹರಿಯದ ವರ್ಷಗಳನ್ನೂ ಕಾಣುತ್ತ ಬೆಳೆದ ನಮಗೆ ನಿರೀಕ್ಷೆಯೆಂಬುದು ಧರ್ಮಬೋಧೆಯಿಂದ ಕಲಿಯಬೇಕಾದ ಗುಣವಾಗಿರಲಿಲ್ಲ. ಆದುದರಿಂದ ಆಗಮನಕಾಲದಲ್ಲಿ ಸಭಾಪಾಲಕರು ಪೀಠದಿಂದ ಎಚ್ಚರವಾಗಿ ಕಾದಿರಬೇಕೆಂದು ಬೋಧಿಸಿದಾಗ, ಕಾಯುವುದು ಹೇಗೆಂಬ ಪ್ರಶ್ನೆ ನಮ್ಮವರಲ್ಲಿ ಯಾರಿಗೂ ಏಳುತ್ತಿರಲಿಲ್ಲ. ಏನನ್ನು ಕಾಯುತ್ತಿದ್ದೇವೆಂಬುದನ್ನು ಮಾತ್ರ ಪ್ರತಿವರ್ಷವೂ ಹೊಸದಾಗಿ ತಿಳಿದುಕೊಳ್ಳಬೇಕಾಗುತ್ತಿತ್ತು. ಆ ತಿಳಿವಳಿಕೆಯನ್ನು ನನ್ನ ತಂದೆಯವರು ನಾಲ್ಕು ವಾರಗಳ ಕ್ರಮಬದ್ಧವಾದ ಓದಿನಿಂದ ಮನೆಯವರಿಗೆಲ್ಲ ಮಾಡಿಸುತ್ತಿದ್ದರು. ಆ ಓದನ್ನು ಕುರಿತೇ ಈ ನಾಲ್ಕು ಮಾತು.

ನಮ್ಮ ಸಭೆಯ ಪೂರ್ವವೃತ್ತಾಂತವನ್ನು ಕೊಂಚ ಹೇಳದೆ ಮುಂದುವರಿಯಲಾಗದು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ನೇಕಾರರ ಊರಾದ ಗುಳೇದಗುಡ್ಡ, ಹೀಗೆ ಒಂದೊಂದೇ ಠಾಣ್ಯವನ್ನು ಮಾಡಿಕೊಳ್ಳುತ್ತ ಬಡಗಣಕ್ಕೆ ಸರಿದು, ಜಿಲ್ಲೆಯ ಮುಖ್ಯಸ್ಥಳವು ಕಲಾದಗಿಯಿಂದ ವಿಜಾಪುರಕ್ಕೆ ವರ್ಗವಾದ 1885ನೆಯ ಇಸವಿಯಲ್ಲಿಯೇ ಈ ಊರಿಗೂ ಬಂದರು. ಅದಕ್ಕೆ ಕೆಲವೇ ವರ್ಷ ಮುಂಚೆ, 1876ರಿಂದ 1878ರ ವರೆಗೆ, ದಕ್ಷಿಣಾಪಥವನ್ನೆಲ್ಲ ಹಿಂಡಿದ ಮಹಾಕ್ಷಾಮವು ನಮ್ಮ ಜಿಲ್ಲೆಯನ್ನು ಎಷ್ಟು ಬರಿದುಮಾಡಿತ್ತೆಂದರೆ, 1872ರ ಖಾನೇಷುಮಾರಿಗೂ 1881ರ ಖಾನೇಷುಮಾರಿಗೂ ನಡುವೆ ಇಲ್ಲಿಯ ಜನಸಂಖ್ಯೆ ಸುಮಾರು ಐದನೆಯ ಒಂದು ಪಾಲಿನಷ್ಟು ಇಳಿದುಹೋಯಿತು. ಸತ್ತವರೆಷ್ಟು, ಗುಳೆ ಹೋಗಿ ಮರಳದವರೆಷ್ಟು ಎಂಬುದನ್ನು ಬಿಡಿಸಿ ಹೇಳಬಲ್ಲವರು ಯಾರೂ ಉಳಿದಿರಲಿಲ್ಲ. ಆ ಬರದಲ್ಲಿ ಗುಳೇದಗುಡ್ಡದ ದಾರಿಯ ಮಗ್ಗುಲಲ್ಲಿ ಸಿಕ್ಕ, ತನ್ನ ಊರಿನ ಹೆಸರನ್ನಾಗಲಿ ತಂದೆಯ ಹೆಸರನ್ನಾಗಲಿ ಹೇಳಲು ಬಾರದ ಒಂದು ಹೆಣ್ಣುಕೂಸನ್ನು ಮಿಷನ್ನಿನವರು ಎತ್ತಿಕೊಂಡು ಹೋಗಿ ಬೆಳೆಸಿದರು. ಆಕೆ ನನ್ನ ಆಯಿಯ, ಅಂದರೆ ತಂದೆಯವರ ತಾಯಿಯ, ತಾಯಿ. ನಮ್ಮ ಮನೆತನದ ಚರಿತ್ರೆ ಆ ಕೂಸಿನಿಂದ ಹಿಂದಕ್ಕೆ ಹೋಗುವುದಿಲ್ಲ.

ತಂದೆಯವರು ಪ್ರಾಥಮಿಕ ಶಾಲೆಯ ಮಾಸ್ತರರು. ಜಿಲ್ಲೆಯು ಮುಂಬಯಿ ರಾಜ್ಯದಲ್ಲಿದ್ದಾಗಲೇ ತಿಕೋಟಾಕ್ಕೆ ಬದಲಿಯಾಗಿ ಬಂದವರು, 1956ರಲ್ಲಿ ಏಕೀಕರಣವಾಗಿ ಮೈಸೂರು ರಾಜ್ಯದ ನೌಕರರಾದ ಮೇಲೂ ಕೆಲವು ವರ್ಷ ಅಲ್ಲಿಯೇ ಇದ್ದು, ತರುವಾಯ ಬಬಲೇಶ್ವರಕ್ಕೆ ಹೋದರು. ಎರಡೂ ಊರು ವಿಜಾಪುರದಿಂದ ಸುಮಾರು 20 ಕಿಲೋಮೀಟರು ದೂರದ ಆಸುಪಾಸಿನವು; ರವಿವಾರ ಬೆಳಿಗ್ಗೆ ಬಸ್ಸು ಹಿಡಿದು ಪಟ್ಟಣದ ದೇವಾಲಯಕ್ಕೆ ಬಂದು, ಆರಾಧನೆ ಮುಗಿಸಿಕೊಂಡು, ಗೋಳಗುಮ್ಮಟದ ಗುಂಬಜವು ಹಿಂದೆ ಹಿಂದೆ ಸರಿಯುತ್ತಿರುವುದನ್ನು ನೋಡುತ್ತ ಸಂಜೆಗೆ ಮರಳುವುದು ನಮ್ಮ ವಾಡಿಕೆಯಾಗಿತ್ತು. ಮನೆಗೆ ಬಂದು ಕಂದೀಲು ಹಚ್ಚಿದ ಮೇಲೆ ಓದು. ಜರ್ಮನಿಯ ಹಂಬುರ್ಗ್ ನಗರದಲ್ಲಿ ಬಡಮಕ್ಕಳ ಆಶ್ರಮವೊಂದನ್ನು ನಡೆಸುತ್ತಿದ್ದ ಯೋಹಾನ್ ವಿಖರ್ನ್ ಎಂಬ ಬೋಧಕರು, ಹಬ್ಬ ಯಾವಾಗ, ಹಬ್ಬ ಯಾವಾಗ ಎಂದು ಪೀಡಿಸುವ ಮಕ್ಕಳಿಗಾಗಿ 1839ರಲ್ಲಿ ಗಾಡಿಯ ಗಾಲಿಯ ಮೇಲೆ ಮೇಣದಬತ್ತಿಗಳನ್ನು ನಿಲ್ಲಿಸಿ ದಿನಕ್ಕೊಂದರಂತೆ ಹಚ್ಚುತ್ತ ಹೋದರೆಂದೂ, ಲೋಕದ ದೇವಾಲಯಗಳಲ್ಲಿ ಇಂದು ಕಾಣುವ ಆಗಮನದ ಬತ್ತಿಗಳ ಮೂಲ ಅದೆಂದೂ ನಾನು ಮುಂದೆ ಓದಿ ತಿಳಿದೆನು. ನಮ್ಮಲ್ಲಿ ಒಂದೇ ಕಂದೀಲು. ಅದರ ಗಾಜನ್ನು ಬೂದಿಯಿಂದ ಒರೆಸಿಡುವ ಸರದಿ ಮಾತ್ರ ಮಕ್ಕಳಿಗೆ ವಾರಕ್ಕೊಬ್ಬರಂತೆ ಬರುತ್ತಿತ್ತು.

ಓದಿಗೆ ಅವರು ಹಾಕಿಕೊಂಡಿದ್ದ ನಿಯಮ ಒಂದೇ: ಎರಡು ಕಥೆಗಳನ್ನು ಕಲಸಬಾರದು. ಸುವಾರ್ತೆಗಳು ನಾಲ್ಕಿದ್ದರೂ ಕ್ರಿಸ್ತನ ಜನನವೃತ್ತಾಂತವಿರುವುದು ಮತ್ತಾಯ ಮತ್ತು ಲೂಕ ಇವರಿಬ್ಬರಲ್ಲಿ ಮಾತ್ರ. ಮಾರ್ಕನು ನೇರವಾಗಿ ಯೊರ್ದನ್ ಹೊಳೆಯ ದಂಡೆಗೆ ನಮ್ಮನ್ನು ಕರೆದೊಯ್ಯುತ್ತಾನೆ, ಯೋಹಾನನು ಸೃಷ್ಟಿಗೂ ಆಚೆಯಿಂದ ಆರಂಭಿಸುತ್ತಾನೆ. ಮತ್ತಾಯನಲ್ಲಿ ಜೋಯಿಸರಿದ್ದಾರೆ, ನಕ್ಷತ್ರವಿದೆ, ಹೆರೋದನಿದ್ದಾನೆ, ಕುರುಬರಿಲ್ಲ, ಗೋದಲಿಯಿಲ್ಲ. ಲೂಕನಲ್ಲಿ ಕುರುಬರೂ ಗೋದಲಿಯೂ ಇವೆ, ಜೋಯಿಸರಿಲ್ಲ, ನಕ್ಷತ್ರವಿಲ್ಲ. ಅಸ್ಸೀಸಿಯ ಸಂತ ಫ್ರಾನ್ಸಿಸನು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಸಜೀವವಾದ ಎತ್ತು ಕತ್ತೆಗಳನ್ನು ಕಟ್ಟಿ ಹಬ್ಬವನ್ನಾಚರಿಸಿದಂದಿನಿಂದ ಬೆಳೆದುಬಂದ ಗೋದಲಿಯ ಸಂಪ್ರದಾಯವು ಇವರೆಲ್ಲರನ್ನೂ ಒಂದೇ ಹುಲ್ಲುಚಪ್ಪರದ ಕೆಳಗೆ ಕೂಡಿಸಿದೆ. ಪಟ್ಟಣದ ಕಥೋಲಿಕ ಬಂಧುಗಳು ಕಟ್ಟುತ್ತಿದ್ದ ಗೋದಲಿಯನ್ನು ನೋಡಲು ತಂದೆಯವರೇ ನಮ್ಮನ್ನು ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದರಾದರೂ, ಅದು ಹಬ್ಬದ ದಿನದ ದರ್ಶನವೆಂದೂ, ಹಬ್ಬದ ಮುಂಚಿನ ನಾಲ್ಕು ವಾರ ಒಬ್ಬೊಬ್ಬ ಸಾಕ್ಷಿಯ ಮಾತನ್ನೂ ಬೇರೆ ಬೇರೆಯಾಗಿ ಕೇಳಬೇಕೆಂದೂ ಅವರ ಅಭಿಪ್ರಾಯ. ಮೊದಲ ಎರಡು ವಾರ ಲೂಕನದು, ಕಡೆಯ ಎರಡು ವಾರ ಮತ್ತಾಯನದು.

ಲೂಕನ ಮೊದಲ ಅಧ್ಯಾಯವು ಮುದಿತನದ ಕಥೆ. ದೇವಾಲಯದಲ್ಲಿ ಧೂಪ ಹಾಕುತ್ತಿದ್ದ ಜಕರೀಯನೆಂಬ ವೃದ್ಧ ಯಾಜಕನು ದೇವದೂತನ ಮಾತನ್ನು ನಂಬಲಾರದೆ ಮೂಕನಾಗುತ್ತಾನೆ. ಅವನ ಬಂಜೆ ಹೆಂಡತಿ ಎಲಿಸಬೇತಳು ಇಳಿವಯಸ್ಸಿನಲ್ಲಿ ಬಸುರಾಗಿ ಐದು ತಿಂಗಳು ಮನೆಯಿಂದ ಹೊರಬೀಳದೆ ಇರುತ್ತಾಳೆ. ಇತ್ತ ನಜರೇತಿನ ಮರಿಯಳು ತನಗೂ ದೂತನ ವಾರ್ತೆ ಬಂದ ಕೂಡಲೇ ಎದ್ದು, ಬೆಟ್ಟದ ಸೀಮೆಯ ಆ ವೃದ್ಧೆಯ ಮನೆಗೆ ಅವಸರದಿಂದ ಹೋಗಿ ಮೂರು ತಿಂಗಳು ನಿಲ್ಲುತ್ತಾಳೆ. ನಮ್ಮ ಆಯಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಕಥೆಯ ಯಾವ ಸಂದಿನಲ್ಲಿ ಏನಿದೆಯೆಂಬುದು ಆಕೆಗೆ ಓದಿದವರಿಗಿಂತ ಚೆನ್ನಾಗಿ ತಿಳಿಯುತ್ತಿತ್ತು. “ಬಸರಾದಾಕಿಗಿ ಕುಬಸಾ ಮಾಡಿ, ಹೊಸಾ ಸೀರಿ ಉಡಿಸಿ, ಮಣಿ ಮ್ಯಾಲ ಕೂಡಸ್ತಾರ. ಈಕಿ ನೋಡಿದ್ರ ಬ್ಯಾರೇದಾಕಿ ಬಾಣಂತನಕ್ಕ ಗುಡ್ಡಾ ಹತ್ಯಾಳ,” ಎಂದು ಆಕೆ ಪ್ರತಿವರ್ಷವೂ ಅದೇ ಸ್ಥಳದಲ್ಲಿ ಓದನ್ನು ತಡೆದು ಹೇಳುವಳು. ತಂದೆಯವರು ಆ ಮಾತಿಗೆಂದೇ ನಿಂತು, ಆಮೇಲೆ ಮರಿಯಳ ಸ್ತೋತ್ರವನ್ನು ಓದುತ್ತಿದ್ದರು. ಗರ್ವಿಷ್ಠರು ಚದರಿಹೋಗುವರು, ದೊರೆಗಳು ಸಿಂಹಾಸನದಿಂದ ಇಳಿಯುವರು, ಹಸಿದವರ ಹೊಟ್ಟೆ ತುಂಬುವುದು, ಉಳ್ಳವರು ಬರಿಗೈಯಲ್ಲಿ ಹೋಗುವರು ಎಂಬ ಭಾವದ ಆ ಸ್ತೋತ್ರವನ್ನು ಪಟ್ಟಣದ ದೇವಾಲಯದಲ್ಲಿ ಮಧುರವಾದ ರಾಗದಲ್ಲಿ ಹಾಡುತ್ತಿದ್ದರು. ಬರಗಾಲದ ಕೂಸಿನ ಮಗಳಾದ ಆಯಿಗೆ ಮಾತ್ರ ಅದು ರಾಗದ ವಿಷಯವಾಗಿರಲಿಲ್ಲ. ಹಸಿದವರ ಮಾತು ಬಂದಲ್ಲಿ ಅದನ್ನು ಇನ್ನೊಮ್ಮೆ ಓದೆಂದು ಮಗನಿಗೆ ಅಪ್ಪಣೆ ಮಾಡುವಳು.

ಎರಡನೆಯ ವಾರ, ಔಗುಸ್ತ ಚಕ್ರವರ್ತಿಯ ಖಾನೇಷುಮಾರಿ. ಇದನ್ನು ನಾನು ಕಣ್ಣಾರೆ ಕಂಡಂತಾದುದು 1960ರಲ್ಲಿ. ಮರುವರ್ಷದ ಜನಗಣತಿಗೆ ಪೂರ್ವಭಾವಿಯಾಗಿ ಮನೆಗಳ ಯಾದಿ ಮಾಡುವ ಕೆಲಸ ಎಲ್ಲ ಕಡೆಯಂತೆ ತಿಕೋಟಾದಲ್ಲಿಯೂ ಮಾಸ್ತರರ ಪಾಲಿಗೆ ಬಂದಿತ್ತು. ತಂದೆಯವರು ಓಣಿ ಓಣಿ ತಿರುಗಿ ಬಾಗಿಲ ಮೇಲೆ ಗೇರಿನಿಂದ ಅಂಕಿ ಬರೆಯುವರು. ಡಬ್ಬಿ ಹಿಡಿದುಕೊಂಡು ನಾನು ಹಿಂದೆ. ಮನೆಯಲ್ಲಿ ಎಷ್ಟು ಮಂದಿಯೆಂದು ಕೇಳಿದರೆ ಮುದುಕಿಯರು ಉತ್ತರ ಕೊಡಲು ಹಿಂಜರಿಯುವರು, ಎಣಿಸಿದ ಮಕ್ಕಳ ಆಯುಷ್ಯ ಸವೆಯುತ್ತದೆಂಬ ಅಂಜಿಕೆ. ಗಂಡಸರಿಗೆ, ಎಣಿಕೆಯ ಬೆನ್ನಿಗೆ ಯಾವ ಪಟ್ಟಿ ಬರುವುದೋ ಎಂಬ ಸಂಶಯ. ಹೆರೋದನು ಸತ್ತದ್ದು ಕ್ರಿಸ್ತಪೂರ್ವ 4ರಲ್ಲೆಂದೂ, ಕುರೇನ್ಯನು ಸಿರಿಯದ ಅಧಿಪತಿಯಾಗಿ ಯೂದಾಯದಲ್ಲಿ ಎಣಿಕೆ ಮಾಡಿಸಿದ್ದು ಕ್ರಿಸ್ತಶಕ 6ರಲ್ಲೆಂದೂ ಇರುವಾಗ ಲೂಕನ ಕಾಲಗಣನೆಯನ್ನು ಹೇಗೆ ಹೊಂದಿಸಬೇಕೆಂದು ಪಂಡಿತರು ಚರ್ಚಿಸುತ್ತಲೇ ಬಂದಿದ್ದಾರೆ. ತಂದೆಯವರು ಆ ತೊಡಕನ್ನು ಬಲ್ಲವರಾಗಿದ್ದರು; ಆದರೆ ಎಣಿಕೆಯೆಂದರೆ ಬಡವರ ಎದೆ ಡವಗುಟ್ಟುತ್ತದೆಂಬ ಅಂಶದಲ್ಲಿ ಲೂಕನಿಗೆ ತಪ್ಪಿಲ್ಲವೆಂದು ಅವರು ತಿಕೋಟಾದ ಓಣಿಗಳ ಸಾಕ್ಷ್ಯದಿಂದ ಹೇಳುತ್ತಿದ್ದರು.

ಆ ಯಾದಿಯಲ್ಲಿ ಪ್ರತಿಯೊಂದು ಕಟ್ಟಡದ ಉಪಯೋಗವನ್ನು ಬರೆಯುವ ಒಂದು ಅಂಕಣವಿತ್ತು: ವಸತಿಯೋ, ಅಂಗಡಿಯೋ, ದನದ ಕೊಟ್ಟಿಗೆಯೋ. ನಾವೇ ಬಾಡಿಗೆಗಿದ್ದ ಮನೆಯ ಪಾಳಿ ಬಂದಾಗ ತಂದೆಯವರ ಲೇಖನಿ ತಡೆಯಿತು. ಅದು ನಮ್ಮ ಸೀಮೆಯ ಹಳೆಯ ಕ್ರಮದ ಮಾಳಿಗೆಯ ಮನೆ. ತಲಬಾಗಿಲನ್ನು ದಾಟಿದೊಡನೆ ಬರುವುದು ದನ ಕಟ್ಟುವ ಸ್ಥಳ. ಅದಕ್ಕಿಂತ ಎರಡು ಮೊಳ ಎತ್ತರಕ್ಕೆ ಸೆಗಣಿಯಿಂದ ಸಾರಿಸಿದ ಪಡಸಾಲೆ. ಪಡಸಾಲೆಯ ಅಂಚಿನುದ್ದಕ್ಕೂ ಕಲ್ಲುಮಣ್ಣಿನಿಂದ ಕಟ್ಟಿದ ಗ್ವಾದಲಿ. ಎತ್ತುಗಳು ಕೆಳಗೆ ನಿಂತು, ಮನುಷ್ಯರತ್ತ ಮುಖಮಾಡಿ, ಗ್ವಾದಲಿಯಲ್ಲಿ ಹಾಕಿದ ಕಣಕಿಯನ್ನು ಮೇಯುತ್ತಿರುವವು. ರಾತ್ರಿ ಪಡಸಾಲೆಯಲ್ಲಿ ಮಲಗಿದವನ ತಲೆಯಿಂದ ಎತ್ತಿನ ಮೂಗಿಗೆ ಒಂದು ಮಾರಿನ ಅಂತರವೂ ಇರದು. ಮೆಲುಕಾಡಿಸುವ ಸಪ್ಪಳ, ಕೊರಳ ಗೆಜ್ಜೆಯ ಸಪ್ಪಳ, ಮಾಳಿಗೆಯ ಬೆಳಕಿಂಡಿಯಿಂದ ಇಳಿದ ಬೆಳುದಿಂಗಳು, ಇವುಗಳ ನಡುವೆಯೇ ಅಲ್ಲಿಯ ಮಕ್ಕಳು ಹುಟ್ಟಿ ಬೆಳೆದವರು. ವಸತಿಯೆನ್ನಬೇಕೋ ಕೊಟ್ಟಿಗೆಯೆನ್ನಬೇಕೋ ಎಂದು ಕ್ಷಣಕಾಲ ಯೋಚಿಸಿ ತಂದೆಯವರು ‘ವಸತಿ’ ಎಂದು ಬರೆದರು.

ಆ ರವಿವಾರದ ಓದಿಗೆ ಮನೆಯ ಯಜಮಾನತಿಯಾದ ದೊಡ್ಡವ್ವನೂ ತನ್ನ ಹತ್ತಿ ಬಿಡಿಸುವ ಕೆಲಸವನ್ನಿಟ್ಟುಕೊಂಡು ಪಡಸಾಲೆಗೆ ಬಂದು ಕುಳಿತಿದ್ದಳು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ನಮ್ಮ ಪುಸ್ತಕದ ಕಥೆಯೆಂದು ಆಕೆಗೆ ಸಂಕೋಚವಿರಲಿಲ್ಲ. ಇಳಿದುಕೊಳ್ಳಲು ಸ್ಥಳವಿಲ್ಲದ್ದರಿಂದ ತಾಯಿ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದಳೆಂಬಲ್ಲಿಗೆ ಓದು ಬಂದಿತು. ಇಂಥ ಸ್ಥಳದಲ್ಲಿ ಬೋಧಕರು ದೈನ್ಯವನ್ನೂ ಲೋಕದ ನಿಷ್ಕಾರುಣ್ಯವನ್ನೂ ಕುರಿತು ಪ್ರಸಂಗ ಮಾಡುವುದನ್ನು ನಾವು ಕೇಳಿದ್ದೆವು. ದೊಡ್ಡವ್ವನು ಹತ್ತಿಯಿಂದ ಕಣ್ಣೆತ್ತದೆ ಹೇಳಿದಳು: “ಅಲ್ಲಿ ಇಡದ ಮತ್ತೆಲ್ಲಿ ಇಡಬೇಕಿತ್ರಿ ಮಾಸ್ತರ? ಮಂದಿ ಕಿಕ್ಕಿರಿದ ಮನ್ಯಾಗ ನೆಲಕ್ಕ ಇಟ್ರ ತುಳೀತಾರ. ಗ್ವಾದಲ್ಯಾಗ ಕಣಕಿ ಮೆತ್ತಗಿರ್ತೈತಿ, ದನದ ಉಸರಿಗಿ ಬೆಚ್ಚಗಿರ್ತೈತಿ. ನಮ್ಮ ಹಿರ್ಯಾಂವನ್ನೂ ಹಂಗ ಮಲಗಸೇನಿ.” ತಂದೆಯವರು ಪುಸ್ತಕವನ್ನು ಕಂದೀಲಿಗೆ ಇನ್ನಷ್ಟು ಸಮೀಪ ಹಿಡಿದು ಆ ವಾಕ್ಯವನ್ನು ಮತ್ತೊಮ್ಮೆ ನೋಡಿದರು. ಲೂಕನು ಕೊಟ್ಟಿಗೆಯ ಹೆಸರನ್ನೇ ಎತ್ತುವುದಿಲ್ಲ. ಬಾಗಿಲು ಮುಚ್ಚಿದ ಛತ್ರದವನೊಬ್ಬನೂ ಅಲ್ಲಿಲ್ಲ. ಎತ್ತು ಕತ್ತೆಗಳ ಪ್ರಸ್ತಾಪವೂ ಇಲ್ಲ, ಅವು ಯೆಶಾಯನ ಪ್ರವಾದನೆಯ ಆರಂಭದ ಒಂದು ಮಾತಿನಿಂದ ಚಿತ್ರಕಾರರ ಕೈಗೆ ಬಂದು ಸೇರಿಕೊಂಡವು. ಪ್ಯಾಲೆಸ್ತೀನಿನ ಹಳೆಯ ಒಕ್ಕಲುಮನೆಗಳಲ್ಲಿಯೂ ದನಗಳು ಒಂದೇ ಸೂರಿನ ಕೆಳಗಿನ ತಗ್ಗಿನ ಭಾಗದಲ್ಲಿಯೂ ಜನರು ಎತ್ತರದ ಭಾಗದಲ್ಲಿಯೂ ಇರುತ್ತಿದ್ದರೆಂದು, ಗೋದಲಿಯು ಆ ಅಂಚಿನಲ್ಲಿಯೇ ಇದ್ದಿರಬೇಕೆಂದು ವಿದ್ವಾಂಸರು ಬರೆದದ್ದನ್ನು ನಾನು ಓದಿದ್ದು ಎಷ್ಟೋ ಕಾಲದ ಮೇಲೆ. ಹಾಗಿದ್ದರೆ ಬೇತ್ಲೆಹೇಮಿನ ಆ ರಾತ್ರಿ ಯಾರೋ ಒಬ್ಬ ದೊಡ್ಡವ್ವನು, ನೆಂಟರಿಂದ ತುಂಬಿದ ಮನೆಯಲ್ಲಿ, ತನ್ನ ಎತ್ತಿನ ಮೇವನ್ನು ಬದಿಗೆ ಸರಿಸಿ ಬಾಣಂತಿಗೆ ಎಡೆಮಾಡಿಕೊಟ್ಟಳೆಂದು ತಿಳಿಯುವುದೇ ಯುಕ್ತವಾಗಿ ಕಾಣುತ್ತದೆ.

ಕುರುಬರ ಪ್ರಸಂಗಕ್ಕೆ ವ್ಯಾಖ್ಯಾನ ದೊರೆತದ್ದು ಬಬಲೇಶ್ವರದಲ್ಲಿ. ಅಲ್ಲಿ ಮುಂಗಾರಿನ ಪೈರು ಕೊಯ್ದು ಬರಿದಾದ ಮಸಾರಿ ಹೊಲಗಳಿಗೆ ಚಳಿಗಾಲದಲ್ಲಿ ಕುರಿಯ ಹಿಂಡುಗಳು ಬಂದಿಳಿಯುತ್ತಿದ್ದವು. ಗೊಬ್ಬರದ ಆಸೆಗೆ ಹೊಲದವರು ಕಾಳು ಕೊಟ್ಟು ಹಿಂಡನ್ನು ತಮ್ಮ ಹೊಲದಲ್ಲಿ ತರುಬಿಸಿಕೊಳ್ಳುವರು. ಕುರುಬರು ಬಲೆ ಕಟ್ಟಿ, ನಾಯಿಗಳನ್ನು ಬಿಟ್ಟು, ಕಂಬಳಿ ಹೊದ್ದು, ಸರದಿಯಂತೆ ಎಚ್ಚರವಿರುವರು. ಒಂದು ಸಂಜೆ ತಂದೆಯವರು ನನ್ನನ್ನೂ ಕರೆದುಕೊಂಡು ಅವರ ಬೆಂಕಿಯ ಬಳಿಗೆ ಹೋಗಿ, ಆ ಮಾತು ಈ ಮಾತು ಆಡುತ್ತ, ನಡುರಾತ್ರಿಯಲ್ಲಿ ಯಾರಾದರೂ ಬಂದು ಊರಲ್ಲಿ ದೊಡ್ಡ ಸಂಗತಿ ನಡೆದಿದೆ, ನೋಡಹೋಗಿರೆಂದು ಹೇಳಿದರೆ ನೀವು ಹೋಗುವಿರೋ ಎಂದು ಕೇಳಿದರು. ಹಿರಿಯ ಕುರುಬನು ಕೆಂಡವನ್ನು ಕೆದರುತ್ತ, “ಹೋಗ್ತೀವ್ರಿ, ಯಾಕ ಹೋಗಬಾರ್ದು? ಆದ್ರ ಒಬ್ಬಾಂವ ಇಲ್ಲೇ ಉಳೀತಾನ್ರಿ. ಎಲ್ಲಾರೂ ಹ್ವಾದ್ರ ಹಬ್ಬ ತ್ವಾಳಕ್ಕ ಆಗ್ತೈತಿ,” ಎಂದನು. ಅಂದಿನಿಂದ ತಂದೆಯವರ ಓದಿನಲ್ಲಿ ಒಬ್ಬ ಹೊಸ ಪಾತ್ರಧಾರಿ ಸೇರಿದನು. ಲೂಕನು ಹೆಸರಿಸದ, ದೇವದೂತರ ಗಾನವನ್ನು ಕೇಳಿಯೂ ಕೂಸನ್ನು ಕಾಣದ, ಉಳಿದವರು ಮರಳಿ ಬರುವ ತನಕ ಬಲೆಯ ಬಾಯಿಯಲ್ಲಿ ಕೋಲು ಹಿಡಿದು ನಿಂತ ಕುರುಬನು. ಹಬ್ಬದ ಮುಂಜಾನೆ ಅಡಿಗೆಮನೆಯಿಂದ ಹೊರಬೀಳಲಾಗದೆ ಆರಾಧನೆ ತಪ್ಪಿಸಿಕೊಳ್ಳುತ್ತಿದ್ದ ನನ್ನ ತಾಯಿಯವರನ್ನು ಅವರು ಅವನ ವಂಶದವರೆಂದು ಗೌರವದಿಂದಲೇ ಕರೆಯುತ್ತಿದ್ದರು.

ಎರಡೇ ಕಥೆಗಳೆಂದೆನು; ಆದರೆ ವಿಜಯಪುರದಲ್ಲಿ ಬಾಳಿದವನಿಗೆ ಮೂರನೆಯದೊಂದು ಕೇಳಿಬರುವುದು ಅನಿವಾರ್ಯ. ಪಟ್ಟಣದಲ್ಲಿ ನಮ್ಮ ಸೋದರತ್ತೆಯ ಮನೆಯ ಮಗ್ಗುಲಿಗೆ ಇದ್ದ ಮುಸಲ್ಮಾನ ಮುದುಕಿಯನ್ನು ಓಣಿಯ ಮಕ್ಕಳೆಲ್ಲ ನಾನಿಯೆಂದು ಕರೆಯುತ್ತಿದ್ದೆವು. ಬೀಬಿ ಮರ್ಯಮಳು ಊರಿನಿಂದ ದೂರ ಒಬ್ಬಂಟಿಗಳಾಗಿ ಖರ್ಜೂರದ ಮರದ ಬುಡಕ್ಕೊರಗಿ ನೋವು ತಿನ್ನುತ್ತಿದ್ದಾಗ, ಅವಳ ಕಾಲಡಿಯಲ್ಲಿ ನೀರಿನ ಸೆಲೆಯೊಡೆದು, ಮರ ಅಲುಗಿಸಿದರೆ ಹಣ್ಣು ಉದುರಿದುದನ್ನೂ, ಊರವರು ನಿಂದಿಸಿದಾಗ ತೊಟ್ಟಿಲ ಕೂಸೇ ಬಾಯಿಬಿಟ್ಟು ತಾಯಿಯ ಮಾನವನ್ನು ಕಾಯ್ದುದನ್ನೂ ಆಕೆ ಕಣ್ಣೊರಸಿಕೊಳ್ಳುತ್ತ ಹೇಳುವಳು. ಕುರಾನಿನ 19ನೆಯ ಅಧ್ಯಾಯಕ್ಕೆ ಮರ್ಯಮಳ ಹೆಸರೇ ಇದೆ. ಯೋಸೇಫನಿಲ್ಲದ, ಗೋದಲಿಯಿಲ್ಲದ ಈ ಕಥೆಯನ್ನು ಮನೆಗೆ ಬಂದು ಹೇಳಿದಾಗ ತಂದೆಯವರು ಅದನ್ನೂ ಕಲಸಬೇಡಿರಿ, ಬೇರೆಯಾಗಿಯೇ ನೆನಪಿಡಿರಿ ಎಂದರು. ಈ ಊರಿಗೆ ಇಂಥ ಬಹುಶ್ರುತತೆ ಹೊಸದಲ್ಲ. 1580ರಿಂದ 1627ರ ವರೆಗೆ ಇಲ್ಲಿ ಆಳಿದ, ಜಗದ್ಗುರುವೆಂದು ಕರೆಸಿಕೊಂಡ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ದರಬಾರಿನಲ್ಲಿ ಹಾಲೆಂಡಿನ ಹಾರ್ಲೆಮ್ ನಗರದ ಕಾರ್ನೆಲಿಸ್ ಹೇಡಾ ಎಂಬ ಚಿತ್ರಕಾರನು ಸೇವೆಯಲ್ಲಿದ್ದನು. ಅದೇ ಕಾಲದಲ್ಲಿ, 1616ರಲ್ಲಿ, ಘಟ್ಟದ ಕೆಳಗಿನ ಗೋವೆಯಲ್ಲಿ ಥಾಮಸ್ ಸ್ಟೀಫನ್ಸ್ ಎಂಬ ಆಂಗ್ಲ ಪಾದ್ರಿಯು ಕ್ರಿಸ್ತಕಥೆಯನ್ನು ಮರಾಠಿಯ ಓವಿಗಳಲ್ಲಿ ‘ಕ್ರಿಸ್ತಪುರಾಣ’ವಾಗಿ ಅಚ್ಚುಮಾಡಿಸಿದನು. ಕನ್ನಡದಲ್ಲಿ ಆ ಕೆಲಸವನ್ನು ಮಾಡಿದವರು, ನಿಘಂಟಿನಿಂದ ನಮಗೆಲ್ಲ ಪರಿಚಿತರಾದ ಕಿಟ್ಟೆಲರು. ಕ್ರಿಸ್ತಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ಹೇಳಿದ ಅವರ ‘ಕಥಾಮಾಲೆ’ 1862ರದು.

ಮೂರನೆಯ ವಾರಕ್ಕೆ ಮತ್ತಾಯನ ಮೊದಲ ಅಧ್ಯಾಯ. ಅದು ಬರಿಯ ಹೆಸರುಗಳ ಸಾಲು. ಅಬ್ರಹಾಮನಿಂದ ದಾವೀದನಿಗೆ ಹದಿನಾಲ್ಕು ತಲೆ, ದಾವೀದನಿಂದ ಬಾಬೆಲಿನ ಸೆರೆಗೆ ಹದಿನಾಲ್ಕು, ಅಲ್ಲಿಂದ ಕ್ರಿಸ್ತನಿಗೆ ಹದಿನಾಲ್ಕು. ಇತರ ಮನೆಗಳಲ್ಲಿ ದಾಟಿಬಿಡುವ ಈ ಭಾಗವನ್ನು ನಮ್ಮಲ್ಲಿ ಒಂದು ಹೆಸರೂ ಬಿಡದೆ ಓದಬೇಕಾಗಿತ್ತು. ಬೇಸರಿಸಿದ ನಮಗೆ ತಂದೆಯವರು, ಮತ್ತಾಯನು ಹೆಳವನಂತೆ ಎತ್ತಿನ ಮೇಲೆ ಕುಳಿತು ಬಾಗಿಲಿಗೆ ಬಂದಿದ್ದಾನೆಂದು ತಿಳಿಯಿರಿ ಎನ್ನುತ್ತಿದ್ದರು. ನಮ್ಮ ಭಾಗದಲ್ಲಿ ಹೆಳವರೆಂದರೆ ಒಕ್ಕಲು ಮನೆತನಗಳ ವಂಶಾವಳಿಯನ್ನು ಕಾದಿಟ್ಟವರು. ಸುಗ್ಗಿಯ ಮುಂದೆಹಿಂದೆ ಗಂಟೆ ಬಾರಿಸುತ್ತ ಬಂದು, ಮನೆಯವರ ಮೂಲಪುರುಷನಿಂದ ಹಿಡಿದು ಮೊನ್ನೆ ಹುಟ್ಟಿದ ಮಗನ ವರೆಗೆ ಒಂದೇ ಉಸಿರಿನಲ್ಲಿ ಹೇಳಿ, ಹೊಸ ಹೆಸರುಗಳನ್ನು ಬರೆದುಕೊಂಡು, ಕಾಳುಕಡಿ ಪಡೆದು ಹೋಗುವರು. ತಿಕೋಟಾದ ದೊಡ್ಡವ್ವನ ಬಾಗಿಲಲ್ಲಿ ನಿಂತು ನಾವು ಅದನ್ನು ಕೇಳಿದ್ದೆವು. ಹೇಳಿ ಮುಗಿದ ಮೇಲೆ ಹೆಳವನು ನಮ್ಮ ಪಾಲಿನ ಬಾಗಿಲ ಕಡೆಗೆ ತಿರುಗಿ, ಮಾಸ್ತರರದು ಯಾವ ಮನೆತನವೆಂದು ಕೇಳಿದನು. ಆಯಿ ಒಳಗಿನಿಂದ ಮೊರದಲ್ಲಿ ಜೋಳ ತಂದು ಅವನ ಜೋಳಿಗೆಗೆ ಸುರಿದು, “ನಮ್ದು ನಿನ್ನ ಪುಸ್ತಕದಾಗ ಇಲ್ಲಪ್ಪಾ,” ಎಂದಳು.

ಮತ್ತಾಯನ ಪಟ್ಟಿಯಲ್ಲಿ ಆಯಿ ಕಿವಿಗೊಟ್ಟು ಕಾಯುತ್ತಿದ್ದುದು ನಾಲ್ಕು ಸ್ಥಳಗಳನ್ನು. ಹೆಳವನು ಗಂಡಸರ ಹೆಸರನ್ನೇ ಹೇಳುವನು. ಮತ್ತಾಯನಾದರೋ ಗಂಡಸರ ಸಾಲಿನ ನಡುವೆ ತಾಮಾರಳನ್ನೂ, ರಾಹಾಬಳನ್ನೂ, ರೂತಳನ್ನೂ, ಊರೀಯನ ಹೆಂಡತಿಯನ್ನೂ ತಂದು ನಿಲ್ಲಿಸಿ, ಆ ಮೇಲೆ ಮರಿಯಳಿಗೆ ಬರುತ್ತಾನೆ. ಒಬ್ಬಳು ಮಾವನ ಮುಂದೆ ಮುಸುಕು ಹಾಕಿ ಕುಳಿತವಳು, ಒಬ್ಬಳು ಯೆರಿಕೋ ಪಟ್ಟಣದ ವೇಶ್ಯೆ, ಒಬ್ಬಳು ಮೋವಾಬಿನಿಂದ ಅತ್ತೆಯ ಬೆನ್ನುಹತ್ತಿ ಬಂದು ಪರರ ಹೊಲದಲ್ಲಿ ಹಕ್ಕಲು ಆಯ್ದ ವಿಧವೆ, ಒಬ್ಬಳು ಅರಸನ ಕಣ್ಣಿಗೆ ಬಿದ್ದು ಗಂಡನನ್ನು ಕಳೆದುಕೊಂಡವಳು. ಮನೆತನದ ಮಾನಕ್ಕಂಜುವವರು ಪುಸ್ತಕದಿಂದ ತೆಗೆಸಿಹಾಕುವಂಥ ಹೆಸರುಗಳಿವು. ಲೂಕನು ಕೊಡುವ ವಂಶಾವಳಿ ಬೇರೆ. ಅದರಲ್ಲಿ ಯೋಸೇಫನ ತಂದೆಯ ಹೆಸರೇ ಬೇರೆಯಾಗಿದ್ದು, ಸಾಲು ಆದಾಮನ ತನಕ ಹೋಗುತ್ತದೆ, ಒಬ್ಬ ಸ್ತ್ರೀಯೂ ಅದರಲ್ಲಿಲ್ಲ. ಎರಡನ್ನೂ ಹೊಂದಿಸಲು ಯತ್ನಿಸಿದ ಟೀಕಾಕಾರರು ಅನೇಕರು. ತಂದೆಯವರಿಗೆ ಆ ಗೋಜು ಬೇಕಿರಲಿಲ್ಲ. ನಮ್ಮ ಮನೆಯ ಸತ್ಯವೇದದ ಮೊದಲ ಖಾಲಿ ಹಾಳೆಯಲ್ಲಿ ಅವರು ತಮ್ಮ ಕೈಬರಹದಿಂದ ಬರೆದಿಟ್ಟ ವಂಶಾವಳಿಯು ಬರಗಾಲದ ಆ ಹೆಣ್ಣುಕೂಸಿನಿಂದ ಆರಂಭವಾಗುತ್ತದೆ. ಅವಳ ಮೇಲೆ ಯಾವ ಗಂಡಸಿನ ಹೆಸರೂ ಇಲ್ಲ.

ಕಡೆಯ ವಾರದ ಓದಿಗೆ ಮನೆಯಲ್ಲಿ ಅಷ್ಟಾಗಿ ಸಮ್ಮತಿಯಿರಲಿಲ್ಲ. ಕರಚಿಕಾಯಿಯ ಎಣ್ಣೆ ಒಲೆಯ ಮೇಲಿದ್ದು, ಗೋಡೆಗೆ ಸುಣ್ಣ ಬಳಿದ ವಾಸನೆ ಇನ್ನೂ ಆರದೆ, ಬಿದಿರುಸೀಳಿಗೆ ಬಣ್ಣದ ಕಾಗದ ಅಂಟಿಸಿದ ನಕ್ಷತ್ರವು ಮೂಲೆಯಲ್ಲಿ ಒಣಗುತ್ತಿರುವಾಗ ಹೆರೋದನ ಕಥೆ ಯಾರಿಗೆ ಬೇಕು? ಮೂಡಣದ ಜೋಯಿಸರು ಎಷ್ಟು ಮಂದಿಯೆಂದು ಮತ್ತಾಯನು ಹೇಳುವುದಿಲ್ಲ. ಚಿನ್ನ, ಧೂಪ, ರಕ್ತಬೋಳ ಎಂಬ ಮೂರು ಕಾಣಿಕೆಗಳಿಂದ ಮೂವರೆಂದು ಲೆಕ್ಕ ಹಾಕಿದವರು ಹಿಂದಿನಿಂದ ಬಂದವರು. ಅವರು ಕೂಸನ್ನು ಕಂಡದ್ದು ಒಂದು ಮನೆಯಲ್ಲಿ. ಇಷ್ಟರ ವರೆಗೆ ಹಬ್ಬಕ್ಕೆ ಹೊಂದುತ್ತದೆ. ಅನಂತರ ಕನಸಿನ ಎಚ್ಚರಿಕೆ, ರಾತ್ರೋರಾತ್ರಿ ಐಗುಪ್ತಕ್ಕೆ ಪಲಾಯನ, ಬೇತ್ಲೆಹೇಮಿನಲ್ಲಿ ಎರಡು ವರ್ಷದೊಳಗಿನ ಗಂಡುಮಕ್ಕಳ ಕೊಲೆ, ಮಕ್ಕಳಿಲ್ಲವಾದುದರಿಂದ ಸಮಾಧಾನವನ್ನೇ ಒಲ್ಲದೆ ಗೋಳಿಡುವ ರಾಹೇಲಳು. ಪಾಶ್ಚಾತ್ಯ ಸಭೆಯ ಪಂಚಾಂಗವು ಈ ಮಕ್ಕಳ ಸ್ಮರಣೆಯನ್ನು ಡಿಸೆಂಬರ್ 28ಕ್ಕೆ, ಹಬ್ಬವಾದ ಮೂರನೆಯ ದಿನಕ್ಕೆ, ಇರಿಸಿದೆ. ತಂದೆಯವರು ಅದನ್ನು ಹಬ್ಬಕ್ಕೆ ಮೊದಲೇ ಓದುವರು. ಹಬ್ಬ ಮುಗಿದ ಮೇಲೆ ಅದನ್ನು ಕೇಳುವ ಕಿವಿ ಯಾರಿಗೂ ಇರುವುದಿಲ್ಲವೆಂಬುದು ಅವರು ಕೊಡುತ್ತಿದ್ದ ಕಾರಣ. ಹೇಳದೆ ಬಿಟ್ಟ ಕಾರಣವನ್ನು ನಾವು ಆಯಿಯ ಮುಖದಲ್ಲಿ ಓದಿಕೊಳ್ಳುತ್ತಿದ್ದೆವು. ಗುಳೇದಗುಡ್ಡದ ದಾರಿಯಲ್ಲಿ ಸಿಕ್ಕ ಕೂಸಿಗೂ ಒಬ್ಬ ರಾಹೇಲಳಿದ್ದಿರಬೇಕಷ್ಟೆ.

ಈ ಕಡೆಯ ಓದಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಲೂಕನ ಪ್ರಕಾರ ಯೋಸೇಫನೂ ಮರಿಯಳೂ ನಜರೇತಿನವರು. ಎಣಿಕೆಗಾಗಿ ಬೇತ್ಲೆಹೇಮಿಗೆ ಬಂದು, ವಿಧಿಗಳನ್ನೆಲ್ಲ ತೀರಿಸಿಕೊಂಡು ತಮ್ಮೂರಿಗೆ ಮರಳುತ್ತಾರೆ. ಮತ್ತಾಯನಲ್ಲಾದರೋ ಅವರು ಬೇತ್ಲೆಹೇಮಿನ ಮನೆಯಲ್ಲಿಯೇ ಇದ್ದವರಾಗಿ ಕಾಣುತ್ತಾರೆ. ಐಗುಪ್ತದಿಂದ ಹೊರಟವರು, ಹೆರೋದನ ಮಗ ಅರ್ಖೆಲಾಯನು ಪಟ್ಟಕ್ಕೆ ಬಂದಿರುವನೆಂದು ಕೇಳಿ, ಅಂಜಿ, ಆ ಕಡೆಗೆ ಸುಳಿಯದೆ ಗಲಿಲಾಯದ ನಜರೇತೆಂಬ ಊರಿಗೆ ಹೋಗಿ ನೆಲಸುತ್ತಾರೆ. ಒಬ್ಬನಲ್ಲಿ ಮನೆಗೆ ಬಂದ ಊರು, ಇನ್ನೊಬ್ಬನಲ್ಲಿ ಮನೆಗೆ ಹೋಗಲಾರದೆ ಹೊಕ್ಕ ಊರು. ಕಲಸಿ ಓದಿದವನಿಗೆ ಈ ಭೇದ ಕಾಣದು. ಬರ ಬಿದ್ದಾಗ ನಮ್ಮ ಸೀಮೆಯಿಂದ ಗೋವೆಗೂ ಮಹಾರಾಷ್ಟ್ರಕ್ಕೂ ಗುಳೆ ಹೋಗಿ ಹಬ್ಬಕ್ಕೆ ಮರಳಿದವರನ್ನೂ, ಮರಳದೆ ಅಲ್ಲಿಯವರೇ ಆದವರನ್ನೂ ಬಲ್ಲ ನಮಗೆ ಎರಡು ಕಥೆಗಳೂ ನಿಜವೆಂದು ತೋರುತ್ತಿದ್ದವು.

ತಂದೆಯವರು ತೀರಿಕೊಂಡು ಬಹಳ ವರ್ಷಗಳಾದವು. ವಿಜಾಪುರವು 2014ರಿಂದ ಸರಕಾರಿ ಕಾಗದಗಳಲ್ಲಿಯೂ ವಿಜಯಪುರವಾಗಿದೆ. ತಿಕೋಟಾ, ಬಬಲೇಶ್ವರಗಳು ತಾಲೂಕಿನ ಊರುಗಳಾಗಿವೆ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಏರಿ ಬಂದಿದೆ. ಜೋಳದ ಹೊಲಗಳೆಷ್ಟೋ ದ್ರಾಕ್ಷಿಯ ಪಡಗಳಾಗಿ, ಆಗಮನಕಾಲದ ವಾರಗಳಲ್ಲಿ ಬಳ್ಳಿಯ ಗೊಂಚಲು ಸವರುವ ಕೆಲಸಕ್ಕೆ ಬೇರೆ ಸೀಮೆಯ ಕುಟುಂಬಗಳು ಬಂದು ತೋಟದ ತಗಡಿನ ಶೆಡ್ಡುಗಳಲ್ಲಿ ಇಳಿದುಕೊಳ್ಳುತ್ತವೆ. ಗುಳೆ ಹೋಗುತ್ತಿದ್ದ ಊರು ಗುಳೆ ಬಂದವರ ಊರಾಗಿದೆ. ಬಾಗಿಲ ನಕ್ಷತ್ರವನ್ನು ಈಗ ಮೊಮ್ಮಕ್ಕಳು ಬಜಾರದಿಂದ ತರುತ್ತಾರೆ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಓದಿನ ಕ್ರಮವನ್ನು ಮಾತ್ರ ನಾನು ಬದಲಿಸಿಲ್ಲ. ಅದರೊಡನೆ ಆಯಿ ಹಾಕಿಕೊಟ್ಟ ಇನ್ನೊಂದು ರೂಢಿಯನ್ನೂ ಉಳಿಸಿಕೊಂಡಿದ್ದೇನೆ. ಹಬ್ಬದ ಕರಚಿಕಾಯಿ ಮೊದಲು ಯಾವ ಯಾವ ಮನೆಗೆ ಹೋಗಬೇಕೆಂಬ ಯಾದಿಯನ್ನು ನಮ್ಮಲ್ಲಿ ನಾಲ್ಕನೆಯ ವಾರದ ಓದು ಮುಗಿದ ಮೇಲೆಯೇ ಬರೆಯುವುದು. ಅದಕ್ಕೆ ಮುಂಚೆ ಬರೆದರೆ ಅದರ ತುಂಬ ಬೀಗರ ಹೆಸರುಗಳೇ ಇರುತ್ತವೆ.